ಇಂಡಿಕೇಟರಿಗೆ ರೆಸಿಸ್ಟರ್ ಕಟ್ಟಬೇಡ ಪುಟ್ಟಾ

ಪುಟ್ಟಾ, ನಿನ್ನ ಮೆಸೇಜು ಈಗ ನೋಡಿದೆ. ಅಣ್ಣನ ಹಳೇ ಗಾಡಿಗೆ ಎಲ್‌ಇಡಿ ಬಲ್ಬ್ ಹಾಕಿದೀಯ, ಎಡಕ್ಕೆ ಸ್ವಿಚ್ ತಳ್ಳಿದ್ರೆ ನಾಲ್ಕೂ ಇಂಡಿಕೇಟರ್ ಹತ್ತಿಕೊಂಡು ಹಾಗೇ ನಿಲ್ಲುತ್ತೆ, ಮಿನುಗಲ್ಲ. ಯಾರೋ ಬಲ್ಬಿನ ಜೊತೆಗೆ ರೆಸಿಸ್ಟರ್, ಅಂದ್ರೆ ಕರೆಂಟ್ ಎಳೆದು ಬಿಸಿಯಾಗೋ ತುಂಡು, ಕಟ್ಟು ಅಂದ್ರಂತೆ, ವೈರಿಂಗ್ ಸುಡುತ್ತಾ ಅಂತ ಕೇಳಿದೀಯ. ಸುಡುತ್ತೆ. ಕಟ್ಟಬೇಡ.

ನಾನು ಕಟ್ಟಿ ನೋಡಿದೀನಿ. 6.8 ಓಮ್, 50 ವ್ಯಾಟಿಂದು, ಸೀಟಿನ ಕೆಳಗೆ ವೈರ್ ಕಂತೆಗೇ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದೆ. ಸಿಗ್ನಲ್‌ನಲ್ಲಿ ಇಂಡಿಕೇಟರ್ ಹಾಕ್ಕೊಂಡು ನಿಂತಾಗ ಸುಟ್ಟ ವಾಸನೆ. ಸೀಟು ಎತ್ತಿದ್ರೆ ಟೈ ಕರಗಿದೆ, ಬ್ರೇಕ್ ಲೈಟ್ ವೈರಿನ ಸಿಪ್ಪೆ ಬೆಂದು ತಾಮ್ರ ಕಾಣ್ತಿದೆ. ರೆಸಿಸ್ಟರ್ ಮೇಲೆ ಬರೆದಿರೋ 50 ವ್ಯಾಟು, ಲೋಹದ ತಗಡಿಗೆ ಬೋಲ್ಟ್ ಹಾಕಿ ಕೂರಿಸಿದಾಗಿನ ಲೆಕ್ಕ.

ಇಂಡಿಕೇಟರ್ ಮಿನುಗಿಸೋ ಡಬ್ಬಿ ಇದ್ಯಲ್ಲ, ಫ್ಲ್ಯಾಷರ್, ಹಳೇದರ ಒಳಗಿನ ಲೋಹದ ಪಟ್ಟಿ ಕರೆಂಟಿನ ಬಿಸಿಗೆ ಬಾಗಿದ್ರೇನೇ ಮಿನುಗೋದು. 21 ವ್ಯಾಟಿನ ಎರಡು ಬಲ್ಬ್ ಅಂದ್ರೆ 12 ವೋಲ್ಟಲ್ಲಿ ಮೂರೂವರೆ ಆಂಪಿಯರ್. ಎಲ್‌ಇಡಿ ಅಷ್ಟು ಎಳೆಯೋದೇ ಇಲ್ಲ. ರೆಸಿಸ್ಟರ್ ಕಟ್ಟಿದ್ರೆ, ಎಲ್‌ಇಡಿ ಉಳಿಸಿದ ಕರೆಂಟನ್ನೆಲ್ಲ ಸೀಟಿನ ಕೆಳಗೆ ಸುಟ್ಟ ಹಾಗೆ. ಇನ್ನೊಂದ್ಸಲ ಹೇಳ್ತೀನಿ, ಕಟ್ಟಬೇಡ.

ಆ ಗಾಡಿ ವೈರಿಂಗ್ ಎಷ್ಟು ಚೆನ್ನಾಗಿತ್ತು ಗೊತ್ತಾ! ಅಣ್ಣ ಒಂದು ವೈರಿನ ಬಣ್ಣ ತಪ್ಪೋಕೆ ಬಿಟ್ಟವನಲ್ಲ. ಆಮೇಲೆ ಮನೇಲಿ ಎಲ್ರೂ ಕೈ ಹಾಕಿದ್ರಿ, ಬೆಸುಗೆ ಇಲ್ಲ ಏನಿಲ್ಲ, ಬರೀ ಟೇಪ್ ಸುತ್ತಿದ್ರಿ. ವೈರಿಂಗ್ ನಕ್ಷೆ ಇದ್ದ ಪುಸ್ತಕಾನೂ ರದ್ದಿಗೆ ಹೋಯ್ತು. ನನ್ನನ್ನ ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ.

ಅಯ್ಯೋ, ಮಾಡಬೇಕಾದ್ದೇ ಹೇಳಲಿಲ್ಲ. ಮೊದಲು ಬ್ಯಾಟರಿ ವೈರ್ ಬಿಚ್ಚು. ಫ್ಲ್ಯಾಷರ್ ತೆಗೆದು ಎಲ್‌ಇಡಿಗೆ ಅಂತಾನೇ ಬರೋ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕು. ಬಿ ಅಂತ ಇರೋ ಪಿನ್ನಿಗೆ ಬ್ಯಾಟರಿ ಕಡೆ ವೈರು, ಎಲ್‌ಗೆ ಸ್ವಿಚ್ ಕಡೇದು, ಮೂರನೇ ಪಿನ್ ಇ ಇದ್ರೆ ಅರ್ಥಿಂಗು.

ನಾಲ್ಕೂ ಹತ್ತೋದು ಮೀಟರಲ್ಲಿ ಇಂಡಿಕೇಟರ್ ಆನ್ ಇದೆ ಅಂತ ತೋರಿಸೋ ಒಂಟಿ ಪೈಲಟ್ ಬಲ್ಬಿಂದ. ಅದರ ಎರಡು ವೈರು ಎಡಕ್ಕೊಂದು ಬಲಕ್ಕೊಂದು ಹೋಗಿವೆ, ಎಡಗಡೆ ಕರೆಂಟು ಅದರ ಮೂಲಕವೇ ಬಲಕ್ಕೆ ನುಗ್ಗುತ್ತೆ. ಎರಡೂ ವೈರ್ ಬಿಚ್ಚಿ ಒಂದೊಂದಕ್ಕೂ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ 1ಎನ್4007 ಡಯೋಡ್ ಒಂದು ಬೆಸುಗೆ ಹಾಕು. ಬೆಳ್ಳಿ ಗೆರೆ ಇರೋ ಎರಡು ತುದಿ ಸೇರಿಸಿ ಬಲ್ಬಿನ ಒಂದು ಕಾಲಿಗೆ, ಇನ್ನೊಂದು ಕಾಲು ಅರ್ಥಿಂಗಿಗೆ. ಅಣ್ಣನ ಗಾಡಿ ನೆಗೆಟಿವ್ ಅರ್ಥು, ಅಂದ್ರೆ ಬ್ಯಾಟರಿಯ ನೆಗೆಟಿವ್ ಗಾಡಿಯ ಬಾಡಿಗೆ ಸೇರಿದೆ, ಅದಕ್ಕೆ ಹೀಗೆ. ಹೋಲ್ಡರ್ ಒಳಗಿನ ತುಕ್ಕೂ ಉಜ್ಜಿಬಿಡು.