ಕೂಗಿದರೆ ಹಿಮ ಕುಸಿಯುತ್ತದಾ? ಮೊದಲೇ ಗೊತ್ತಾಗುತ್ತದಾ?

ಕುತೂಹಲಿ:
ಯಾರೋ ಜೋರಾಗಿ ಕೂಗುತ್ತಾರೆ, ಇಡೀ ಬೆಟ್ಟದ ಹಿಮ ಜಾರಿ ಬರುತ್ತದೆ. ಸಿನಿಮಾಗಳಲ್ಲಿ ಹೀಗೆ ತೋರಿಸುತ್ತಾರಲ್ಲ, ನಿಜವಾ? ಇಂಥ ಇಳಿಜಾರು ಇಂಥ ದಿನ ಕುಸಿಯುತ್ತದೆ ಅಂತ ಮುಂಚೆಯೇ ಹೇಳಬಹುದಾ?

ಹಿಮಸಲಿಕೆ:
ಕೂಗಿಗೆ ಅಷ್ಟು ಬಲವಿಲ್ಲ. ಕೂಗುವವನ ಕಾಲಿಗೆ ಇದೆ. ಚಾರಣಕ್ಕೋ ಸ್ಕೀಯಿಂಗ್‌ಗೋ ಹೋಗಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರಲ್ಲಿ 10ಕ್ಕೆ ಸುಮಾರು 9 ಜನರ ವಿಷಯದಲ್ಲಿ, ಕುಸಿತ ಶುರುವಾಗಿದ್ದು ಅವರಿಂದಲೇ, ಇಲ್ಲವೇ ಜೊತೆಗಿದ್ದವರಿಂದ.

ಅಸಲಿ ಕಳ್ಳ ಒಳಗಿರುತ್ತಾನೆ. ಹಿಮ ಪದರ ಪದರವಾಗಿ ಕೂತಿರುತ್ತದೆ. ಅದರಡಿಯ ನೆಲ ಹೆಚ್ಚುಕಡಿಮೆ 0 ಡಿಗ್ರಿ, ಮೇಲಿನ ಗಾಳಿ ಮೈನಸ್ 20 ಅಂದುಕೊಳ್ಳಿ. ಹಿಮ ತೆಳುವಾಗಿದ್ದರೆ ಕೆಳಗಿನ ಆವಿ ಮೇಲೇರುತ್ತಾ ಹಿಮದ ಕಾಳುಗಳ ಆಕಾರವನ್ನೇ ಬದಲಿಸುತ್ತದೆ. ಗುಂಡಿ ತೋಡಿ ಆ ಪದರದಿಂದ ಒಂದು ಹಿಡಿ ತೆಗೆದು ನೋಡಿ. ಎಷ್ಟು ಅದುಮಿದರೂ ಉಂಡೆ ಕಟ್ಟುವುದಿಲ್ಲ, ಸಕ್ಕರೆ ಹಾಗೆ ಕೈಗವಸಿನಿಂದ ಸುರಿದುಹೋಗುತ್ತದೆ. ಮಸೂರ ಹಿಡಿದರೆ ಒಂದೊಂದು ಕಾಳೂ ಪುಟ್ಟ ಬಟ್ಟಲು, ಮೈತುಂಬ ಗೀರು. ನೋಡಲು ಬಲು ಚಂದ, ನನಗೆ ಮಾತ್ರ ಅದನ್ನು ಕಂಡರೆ ಹೊಟ್ಟೆ ತೊಳಸುತ್ತದೆ. ಅದರ ಮೇಲೆ ಗಟ್ಟಿ ಪದರ ಕೂತು, ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬನ ತೂಕ ಸಾಕು.

ಕುತೂಹಲಿ:
ಹಾಗಾದ್ರೆ ಹೊಸ ಹಿಮ ಬೀಳದ ದಿನ ಭಯವಿಲ್ಲ ಅಲ್ವಾ?

ಹಿಮಸಲಿಕೆ:
ಇದೆ. ಆಕಾಶ ನೀಲಿಯಾಗಿದ್ದರೂ ಗಾಳಿ ಒಂದು ಬದಿಯ ಹಿಮ ಎತ್ತಿ ಮರೆಯ ಬದಿಗೆ ಪೇರಿಸುತ್ತಲೇ ಇರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಇನ್ನೂ ಕಿಲಾಡಿ. ಹಿಮದ ಮೇಲೆ ಗರಿಯಂಥ ಹರಳು ಬೆಳೆಯುತ್ತದೆ. ಮುಂದಿನ ಹಿಮ ಅದನ್ನು ಮುಚ್ಚಿದರೆ ವಾರಗಟ್ಟಲೆ ಅಲ್ಲೇ ಕಾದಿರುತ್ತದೆ.

ಇದಕ್ಕೊಂದು ಪರೀಕ್ಷೆ ಇದೆ. ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಮುಂದಿನಿಂದ ಹಿಂದಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬ ಕಡಿದು ನಿಲ್ಲಿಸುತ್ತೇವೆ. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10 ಪೆಟ್ಟು, ಮೊಣಕೈಯಿಂದ 10, ಭುಜದಿಂದ 10. ಬಿರುಕು ಸರ್ರನೆ ಇನ್ನೊಂದು ತುದಿಯವರೆಗೂ ಓಡಿದರೆ ಸಲಿಕೆ ಮಡಚಿ ಬೇರೆ ದಾರಿ ಹಿಡಿಯುತ್ತೇನೆ. ಓಡದಿದ್ದರೆ ಸುಮ್ನೆ ನಂಬುವುದೂ ಇಲ್ಲ, ಹತ್ತು ಹೆಜ್ಜೆ ಆಚೆ ಬೇರೆಯೇ ಕಥೆ ಇರಬಹುದು.

ಮಾಪಕ:
ಮುನ್ಸೂಚನೆ ಕೊಡುವುದು ಒಂದು ಪ್ರದೇಶಕ್ಕೆ, ಇಂಥದ್ದೇ ಇಳಿಜಾರಿಗೆ ಅಲ್ಲ. ಯುರೋಪಿನಲ್ಲಿ 1993ರಿಂದ 1ರಿಂದ 5ರವರೆಗಿನ ಅಪಾಯದ ಮಟ್ಟ ಬಳಸುತ್ತಾರೆ. ಸ್ವಿಟ್ಜರ್ಲೆಂಡಿನ ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಾ ಸಂಜೆ ಬುಲೆಟಿನ್ ಹೊರಡಿಸುತ್ತದೆ. ಬೆಟ್ಟದ ಮೇಲಿನ ಯಂತ್ರಗಳು, ಗುಂಡಿ ತೋಡುವ ವೀಕ್ಷಕರು, ಹವಾಮಾನದ ಲೆಕ್ಕ, ಎಲ್ಲ ಸೇರಿಸಿ.

ಹಿಮಸಲಿಕೆ:
ಅದಕ್ಕೊಂದು ಮಾತು ಸೇರಿಸುತ್ತೇನೆ. ಅಲ್ಲಿ ಸಾವು ಜಾಸ್ತಿ ಆಗುವುದು 5ರ ದಿನವಲ್ಲ, 3ರ ದಿನ. 5 ಅಂದರೆ ಎಲ್ಲರೂ ಮನೆಯಲ್ಲೇ ಇರುತ್ತಾರೆ. 3 ಅಂದರೆ ನಡುಮಧ್ಯ ತಾನೇ ಅಂತ ಹೊರಡುತ್ತಾರೆ. ಹೊರಟ ಮೇಲೆ ಕಾಲಡಿ ಹಿಮ 'ಧುಂ' ಅಂತ ಕುಸಿದು ಕೂತರೆ, ಸಪಾಟು ಜಾಗದಲ್ಲಿದ್ದರೂ ಮೇಲಿನ ಇಳಿಜಾರು ಜಾರಬಹುದು. ಅಲ್ಲಿಂದ ವಾಪಸ್ಸು ಬರುವುದು, ಆದರೆ ಆ ಇಳಿಜಾರಿನ ಬುಡಕ್ಕೆ ಹೋಗದ ದಾರಿಯಲ್ಲಿ.