ಕೌಂಟರಿನ ಆಚೆ ಕೂಗುವವರು: ಮನೋವೈದ್ಯೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಬ್ಯಾಂಕ್, ಅಂಚೆ ಕಚೇರಿಗಳ ಕೌಂಟರಿನಲ್ಲಿ ಕೂರುವ ನಮಗೆ ನವೆಂಬರ್ ಎಂದರೆ ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ತಿಂಗಳು, ಬೈಗುಳದ ತಿಂಗಳೂ ಹೌದು. ಇಂದು ಸಂಜೆ ಡಾಕ್ಟರ್ ನಮ್ಮೊಂದಿಗಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸುಮಾ, ದಾವಣಗೆರೆ: ಕೂಗಾಡುವವರ ಮುಂದೆ ಸಮಾಧಾನವಾಗಿರುವುದು ಹೇಗೆ ಮೇಡಂ? ಕೈ ನಡುಗಿ ನೋಟಿನ ಎಣಿಕೆಯೇ ತಪ್ಪುತ್ತದೆ.

ಡಾಕ್ಟರ್: ಮೊದಲು ನೋಟನ್ನು ಕೆಳಗಿಡಿ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕೂಗಿದವರು ಬಂದು ಹಣ ತುಂಬುವುದಿಲ್ಲ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ನಾಲ್ಕೈದು ಸಲ. ಅವರ ದೂರನ್ನು ಅವರ ಕಣ್ಣೆದುರೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬರೆಯುವವರಿಗೆ ಹೇಳುವಾಗ ಯಾರಾದರೂ ಸ್ವಲ್ಪ ನಿಧಾನಿಸಲೇಬೇಕು. "ಸಮಾಧಾನ ಮಾಡಿಕೊಳ್ಳಿ" ಎಂದು ಮಾತ್ರ ಹೇಳಬೇಡಿ, ಉರಿಗೆ ತುಪ್ಪ ಸುರಿದಂತೆ.

ರವಿ, ಹಾಸನ: ಕೋಪಿಷ್ಠರ ಮುಂದೆ ಶಾಂತವಾಗಿರುವುದು ಹೇಗೆ?

ಡಾಕ್ಟರ್: ಮೇಲೆ ಓದಿ.

ಪ್ರಕಾಶ, ಗದಗ: ಕೂಗುವುದು ಗ್ರಾಹಕರಲ್ಲ, ನಮ್ಮ ಮ್ಯಾನೇಜರ್. ಎಲ್ಲರೆದುರು. ಏನು ಮಾಡಲಿ?

ಲತಾ, ಶಿವಮೊಗ್ಗ: ನಿವೃತ್ತ ಮೇಷ್ಟ್ರೊಬ್ಬರು ಹತ್ತು ವರ್ಷದಿಂದ ನಮ್ಮ ಗ್ರಾಹಕರು. ಬಂದಾಗಲೆಲ್ಲ "ಊಟವಾಯಿತೇನಮ್ಮ" ಎನ್ನುತ್ತಿದ್ದವರು. ಆರು ತಿಂಗಳಿಂದ ದಿನವೂ ಪಾಸ್‌ಬುಕ್ ಮುದ್ರಿಸಿಕೊಂಡು, ಹಣ ಕದ್ದಿದ್ದೇನೆ ಎಂದು ನನ್ನ ಮೇಲೆ ರೇಗುತ್ತಾರೆ. ಸಹಿಯೂ ಹೊಂದುತ್ತಿಲ್ಲ. ತೋರಿಸಿದರೆ ಇನ್ನೂ ಕೆರಳುತ್ತಾರೆ.

ಡಾಕ್ಟರ್: ಲತಾ ಅವರೇ, ಇದು ನಿಮ್ಮ ತಾಳ್ಮೆಯ ಪ್ರಶ್ನೆಯಲ್ಲ. ನೋಡದೆ ರೋಗ ಹೇಳಲಾರೆ. ಆದರೆ ಸೌಮ್ಯವಾಗಿದ್ದವರು ಇಳಿವಯಸ್ಸಿನಲ್ಲಿ ಹೀಗೆ ಬದಲಾದರೆ ಅದನ್ನು ಸ್ವಭಾವ ಎಂದುಕೊಳ್ಳಬಾರದು. ಮರೆವಿನ ಕಾಯಿಲೆಯಲ್ಲಿ ತಾವೇ ಇಟ್ಟದ್ದು, ಖರ್ಚು ಮಾಡಿದ್ದು ನೆನಪಿರುವುದಿಲ್ಲ. ಆ ಖಾಲಿ ಜಾಗಕ್ಕೆ ಬಂದು ಕೂರುವುದು "ಯಾರೋ ಕದ್ದರು" ಎಂಬ ನಂಬಿಕೆ. ಥೈರಾಯ್ಡ್ ದೋಷ, ಬಿ12 ಕೊರತೆಯಿಂದಲೂ ಮನಸ್ಸು ಮಂಕಾಗಬಹುದು. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆ ಇದೆ. ಕಿವಿ ಮಂದವಾಗಿ ಗಾಜಿನ ಹಿಂದಿನ ನಿಮ್ಮ ಮಾತು ಅರ್ಧವೇ ಕೇಳಿಸುತ್ತಿರಲೂಬಹುದು. ಲೆಕ್ಕ ಒಪ್ಪಿಸಲು ಹೋಗಬೇಡಿ, ಗೆಲ್ಲುವುದಿಲ್ಲ. ಈಚೆ ಬಂದು ಪಕ್ಕದಲ್ಲಿ ಕುಳಿತು, "ಹಣ ಕಾಣದಿದ್ದರೆ ಗಾಬರಿಯಾಗುತ್ತದೆ ಮೇಷ್ಟ್ರೇ, ಒಟ್ಟಿಗೆ ನೋಡೋಣ" ಎನ್ನಿ. ಅವರ ಜೊತೆ ಯಾರಾದರೂ ಬರುತ್ತಾರೆಯೇ? ಈಚೆಗೆ ಠೇವಣಿ ಮುರಿಸಲು, ದೊಡ್ಡ ಮೊತ್ತ ಕಳಿಸಲು ಕೇಳಿದರೇ? ಇದಕ್ಕೆ ಉತ್ತರ ಬೇಕು.

ಮಂಜುನಾಥ, ತುಮಕೂರು: ಎಡಗೈ ಹೆಬ್ಬೆರಳನ್ನು ಐದು ನಿಮಿಷ ಒತ್ತಿ ಹಿಡಿದರೆ ಕೋಪ, ಬಿಪಿ ಎರಡೂ ಇಳಿಯುತ್ತವೆ. ನನ್ನ ಸಹೋದ್ಯೋಗಿ ಎದೆಬಡಿತ, ನಡುಕ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ ನುಂಗಿ ಕೂರುತ್ತಾರೆ, ನಡುಕವೇ ಇಲ್ಲ. ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ. ಹೆಬ್ಬೆರಳು ಒತ್ತಿ, ಬೆರಳು ನೋಯುತ್ತದೆ, ಅಷ್ಟೇ. ಆದರೆ ಆಸ್ತಮಾ ಇರುವವರು ಪ್ರೊಪ್ರನಲಾಲ್ ನುಂಗಿದರೆ ಶ್ವಾಸನಾಳ ಬಿಗಿದು ಪ್ರಾಣಕ್ಕೇ ಸಂಚಕಾರ. ಇನ್ನೊಬ್ಬರ ಮಾತ್ರೆ ನಿಮ್ಮ ಮಾತ್ರೆಯಲ್ಲ.

ಮಂಜುನಾಥ: ಒಳ್ಳೆಯದಕ್ಕೆ ಹೇಳಿದೆ ಮೇಡಂ.

ಬಸವರಾಜ, ಕಲಬುರಗಿ: ಜನ ಕೂಗುವುದು ಏಕೆ ಗೊತ್ತೇ? ಕೌಂಟರಿನಲ್ಲಿರುವವರಿಗೆ ಕನ್ನಡ ಬರುವುದಿಲ್ಲ. ನಮ್ಮವ್ವ ಚಲನ್ ಹಿಡಿದು ಮೂರು ಕೌಂಟರ್ ಅಲೆದರು.

ಶ್ರೀಕಾಂತ, ಬೆಂಗಳೂರು: ವರ್ಗಾವಣೆಯಾಗಿ ಬಂದವರು ಎರಡು ತಿಂಗಳಲ್ಲಿ ಕಲಿಯುತ್ತಾರೆಯೇ?

ಬಸವರಾಜ: "ಕುಳಿತುಕೊಳ್ಳಿ ಅಮ್ಮ" ಎನ್ನಲು ಎಷ್ಟು ತಿಂಗಳು ಬೇಕು? ಎಪ್ಪತ್ತು ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ.

ಶ್ರೀಕಾಂತ: ಶಾಖೆಯಲ್ಲಿರುವುದು ನಾಲ್ವರು. ನೀವೇ ಬಂದು ಹೋಗಿ ಕೊಡಿ.

ಬಸವರಾಜ: ಈ ದರ್ಪಕ್ಕೇ ಜನ ಬೈಯುವುದು.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಶ್ರೀಕಾಂತ: ಮೊದಲು ಅವರಿಗೆ ಹೇಳಿ.

ಗೀತಾ, ಮಂಡ್ಯ: ಮೇಡಂ, ಬೈಯುವವರ ಎದುರು ಕೈ ನಡುಗದಂತೆ ಏನು ಮಾಡಬೇಕು?

ಡಾಕ್ಟರ್: ಮೂರನೆಯ ಸಲ. ಮೇಲೆ ಓದಿ.

ಲತಾ: ಮೇಷ್ಟ್ರು ಒಬ್ಬರೇ ಬರುತ್ತಾರೆ. ಶುಕ್ರವಾರ ಠೇವಣಿ ಮುರಿಸಲು ಬಂದಿದ್ದರು. ಮಾತಿನ ನಡುವೆ ಜೇಬಿನಲ್ಲಿ ಫೋನ್ ಎರಡು ಸಲ ಹೊಡೆದುಕೊಂಡಿತು, ತೆಗೆದು ನೋಡಿ ಬೆವರಿದರು. ಏಕೆ ಎಂದು ಕೇಳಿದ್ದಕ್ಕೆ "ಯಾರಿಗೂ ಹೇಳುವ ಹಾಗಿಲ್ಲ" ಎಂದು ರೇಗಿ ಎದ್ದು ಹೋದರು. ಸೋಮವಾರ ಮತ್ತೆ ಬರುತ್ತಾರಂತೆ.

ಡಾಕ್ಟರ್: ಉಳಿದವರು ದಯವಿಟ್ಟು ಸುಮ್ಮನಿರಿ. ಲತಾ, ಸೋಮವಾರದವರೆಗೆ ಕಾಯಬೇಡಿ. ಪೊಲೀಸರ ವೇಷದಲ್ಲಿ ಫೋನಿನಲ್ಲೇ ಬೆದರಿಸಿ ಹಣ ಕೀಳುವವರು ಹೇಳಿಕೊಡುವ ಮಾತೇ "ಯಾರಿಗೂ ಹೇಳಬೇಡಿ". ಫೋನಿನಲ್ಲೇ ಬಂಧಿಸಿದ್ದೇವೆ ಎನ್ನುವ ಈ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಆದರೆ ಹೆದರಿದವರಿಗೆ ಅದು ಹೊಳೆಯುವುದಿಲ್ಲ, ತಡೆಯುವವರೇ ಶತ್ರುಗಳಾಗಿ ಕಾಣುತ್ತಾರೆ. ಮರೆವೂ ಇರಬಹುದು, ಮೋಸವೂ ಇರಬಹುದು, ಎರಡೂ ಸೇರಿರಬಹುದು. ಮ್ಯಾನೇಜರ್‌ಗೆ ಈಗಲೇ ತಿಳಿಸಿ, ಮನೆಯವರನ್ನು ಅವರ ಮೂಲಕವೇ ಸಂಪರ್ಕಿಸಿ. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ವಿವರವನ್ನು ಈ ಗುಂಪಿನಲ್ಲಿ ಇನ್ನು ಬರೆಯಬೇಡಿ.

ಲತಾ: ಮ್ಯಾನೇಜರ್‌ಗೆ ಫೋನ್ ಹಚ್ಚಿದ್ದೇನೆ.

ಮಂಜುನಾಥ: ಇಂಥ ಭಯಕ್ಕೆ ನಿಂಬೆಹಣ್ಣಿನ ರಸ, ಉಪ್ಪು...

ಡಾಕ್ಟರ್: ಮಂಜುನಾಥ ಅವರೇ, ಸಾಕು. ನಾನು ಹೊರಡುತ್ತೇನೆ. ಕುಗ್ಗಿ ನಿದ್ದೆ ಕೆಟ್ಟವರು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ಬಸವರಾಜ: ನೋಡಿ, ಅಲ್ಲಾದರೂ ಕನ್ನಡವಿದೆ.

ಶ್ರೀಕಾಂತ: ಮತ್ತೆ ಶುರು.

ಪ್ರಕಾಶ, ಗದಗ: ನನ್ನ ಮ್ಯಾನೇಜರ್ ವಿಷಯ ಹಾಗೇ ಉಳಿಯಿತು.