ಸಂಗಾತಿಯ ಅಗಲಿಕೆಯ ನಂತರ ಹೊಸ ಬದುಕು: ದುಃಖ ಇಳಿಯುವವರೆಗೆ ಕಾಯಬೇಕೆ?

ಪ್ರಶ್ನೆ

ನಮ್ಮ ಯಜಮಾನರು ತೀರಿಕೊಂಡು ವರ್ಷ ಕಳೆಯಿತು. ದೂರದಲ್ಲಿ ಉದ್ಯೋಗದಲ್ಲಿರುವ ಮಕ್ಕಳು, ಮನೆಯನ್ನು ಮಾರಿ ತಮ್ಮ ಬಳಿ ಬಂದಿರುವಂತೆ ಒತ್ತಾಯಿಸುತ್ತಿದ್ದಾರೆ. ನನಗಾದರೋ, ಮದುವೆಯಾದ ಮೇಲೆ ಅರ್ಧಕ್ಕೆ ನಿಂತಿದ್ದ ಸಂಗೀತಾಭ್ಯಾಸವನ್ನು ಮುಂದುವರಿಸುವ ಆಸೆಯಿದೆ. ಆದರೆ ತರಗತಿಗೆ ಹೋಗಿ ಮನಸ್ಸು ಹಗುರವಾದ ದಿನವೇ, ರಾತ್ರಿ ದೀಪ ಆರಿಸಿದ ಮೇಲೆ, ಅವರನ್ನು ಮರೆಯತೊಡಗಿದೆನೇನೋ ಎಂಬ ಅಳುಕು ಕಾಡುತ್ತದೆ. ಮೊನ್ನೆ ಅರ್ಜಿಯೊಂದರಲ್ಲಿ ‘ವೈವಾಹಿಕ ಸ್ಥಿತಿ’ ಎಂಬ ಕಲಮಿನ ಎದುರು ಕೈ ನಿಂತುಬಿಟ್ಟಿತು. ಮುಂದೆ ಬರೆಯಲಾಗದೆ ಹಾಗೆಯೇ ಮಡಿಸಿಟ್ಟೆ. ದುಃಖ ಪೂರ್ತಿಯಾಗಿ ಇಳಿಯುವವರೆಗೆ ಕಾಯುವುದು ಸರಿಯೇ, ಅಥವಾ ಈಗಲೇ ಹೊಸದನ್ನು ಆರಂಭಿಸಬಹುದೇ?

ಉತ್ತರ 1

ಕಾಯಬೇಕಾಗಿಲ್ಲ ಎಂಬುದು ಆಪ್ತಸಮಾಲೋಚಕಿಯಾಗಿ ನನ್ನ ಖಚಿತ ಅಭಿಪ್ರಾಯ. ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಅಗಲಿದವರನ್ನು ನೆನೆದು ಅಳುವುದು ಒಂದು ಕಡೆಯಾದರೆ, ಅವರು ನೋಡಿಕೊಳ್ಳುತ್ತಿದ್ದ ವ್ಯವಹಾರಗಳನ್ನು ಕಲಿಯುವುದು, ಹೊಸ ಒಡನಾಟ ಕಟ್ಟಿಕೊಳ್ಳುವುದು ಇನ್ನೊಂದು ಕಡೆ. ಮನಸ್ಸು ಇವೆರಡರ ನಡುವೆ ಹೋಗಿ ಬರುತ್ತಲೇ, ನಡುನಡುವೆ ಎರಡರಿಂದಲೂ ಬಿಡುವು ಪಡೆಯುತ್ತಲೇ ಚೇತರಿಸಿಕೊಳ್ಳುತ್ತದೆ. ಹಾಗಾಗಿ ತರಗತಿಯಲ್ಲಿನ ನೆಮ್ಮದಿಯಾಗಲಿ ರಾತ್ರಿಯ ಸಂಕಟವಾಗಲಿ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ದುಃಖದ ಐದು ಹಂತಗಳ ಬಗ್ಗೆ ನೀವು ಕೇಳಿರಬಹುದು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅವುಗಳನ್ನು ವಿವರಿಸಿದ್ದು ಸಾವನ್ನು ಎದುರಿಸುತ್ತಿದ್ದ ರೋಗಿಗಳ ಜೊತೆಗಿನ ಮಾತುಕತೆಯ ಆಧಾರದಿಂದ. ಅವನ್ನೆಲ್ಲ ಕ್ರಮವಾಗಿ ದಾಟಿದ ಮೇಲೆಯೇ ಹೊಸ ಬದುಕು ಎಂಬ ನಿಯಮವೇನೂ ಇಲ್ಲ. ದಯವಿಟ್ಟು ಸಂಗೀತವನ್ನು ಬಿಡಬೇಡಿ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮನೆಯ ವಿಷಯದಲ್ಲಿ ಆತುರ ಬೇಡ. ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಜೀವನದ 43 ಬದಲಾವಣೆಗಳಿಗೆ ಒತ್ತಡದ ಅಂಕಗಳನ್ನು ಕೊಟ್ಟಾಗ ಸಂಗಾತಿಯ ಸಾವಿಗೆ ಅತಿ ಹೆಚ್ಚು, ಅಂದರೆ 100 ಅಂಕ ಬಂದಿತ್ತು. ವಾಸಸ್ಥಳದ ಬದಲಾವಣೆಗೆ 20. ಅಂಕಗಳು ಎಲ್ಲರಿಗೂ ಒಂದೇ ರೀತಿ ಅನ್ವಯಿಸದಿದ್ದರೂ, ಬದಲಾವಣೆಯ ಮೇಲೆ ಬದಲಾವಣೆ ಬಂದಾಗ ಹೊರೆ ಕೂಡುತ್ತಾ ಹೋಗುತ್ತದೆ ಎಂಬ ಅವರ ತಿಳಿವಳಿಕೆ ನಿಮಗೆ ಉಪಯುಕ್ತ. ಮನೆಗೆ ಬೀಗ ಹಾಕಿ ಕೆಲವು ತಿಂಗಳು ಮಕ್ಕಳ ಜೊತೆ ಇದ್ದು ನೋಡಿ. ಒಗ್ಗದಿದ್ದರೆ ಹಿಂದಿರುಗಬಹುದು, ಮಾರಿದ ಮನೆಗೆ ಹಿಂದಿರುಗಲಾಗದು. ಕಾಗದಪತ್ರಗಳ ಕೆಲಸಕ್ಕೆ ಕೂರುವಾಗ ಆಪ್ತರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು.

ಉತ್ತರ 3

ನನ್ನ ಅನುಭವ ಸ್ವಲ್ಪ ಬೇರೆ. ಪತ್ನಿ ಹೋದ ಮೇಲೆ ನಾನು ಬೇಗನೆ ಮನೆ ಬದಲಿಸಿದೆ, ಅದರಿಂದ ನನಗೆ ಒಳಿತೇ ಆಯಿತು. ಅವರ ದೀರ್ಘ ಕಾಯಿಲೆಯ ದಿನಗಳೆಲ್ಲ ಆ ಕೋಣೆಯಲ್ಲೇ ಕಳೆದಿದ್ದರಿಂದ ಅಲ್ಲಿ ನಿದ್ರೆ ಸುಳಿಯುತ್ತಿರಲಿಲ್ಲ. ಆದ್ದರಿಂದ ಈಗಿನ ಮನೆ ನಿಮಗೆ ಆಸರೆಯೋ ಸಂಕಟವೋ ಎಂಬುದನ್ನು ಮಕ್ಕಳಲ್ಲ, ನೀವೇ ನಿರ್ಧರಿಸಬೇಕು. ಇನ್ನೊಂದು ಮಾತು: ಮನಸ್ಸು ಆಗಾಗ ಹಗುರವಾಗುತ್ತಿದೆ ಎಂದು ಬರೆದಿದ್ದೀರಿ, ಅದು ಸಮಾಧಾನದ ವಿಷಯ. ಆದರೆ ಹಂಬಲ ಒಂದಿಷ್ಟೂ ತಗ್ಗದೆ ದಿನನಿತ್ಯದ ಕೆಲಸಗಳೇ ನಿಂತುಹೋಗುವ ಸ್ಥಿತಿಯನ್ನು ದೀರ್ಘಕಾಲದ ಶೋಕದ ತೊಂದರೆಯೆಂದು ವೈದ್ಯಶಾಸ್ತ್ರ ಈಗ ಗುರುತಿಸುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಅಂಥ ಲಕ್ಷಣ ಕಂಡರೆ ಸಂಕೋಚಪಡದೆ ಮನೋವೈದ್ಯರನ್ನು ಕಾಣಿರಿ.